ಉಡಿಯಲ್ಲಿ ಬಂದ ಮಂಡಕ್ಕಿ

ಈ ವಯಸ್ಸಿನಲ್ಲಿ ನನಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಎಲೆ, ಅಡಿಕೆ. ಅದೆಲ್ಲದರ ಮೇಲೆ ಒಂದು ನಾಯಿಮರಿ!

ನಗಬೇಡಿ. ಅವತ್ತು ನಾನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಆ ನಗು ಆಮೇಲೆ ಎಲ್ಲಿ ಹೋಯಿತೋ, ಎಷ್ಟೋ ದಿನ ಹುಡುಕಿದರೂ ಸಿಗಲಿಲ್ಲ.

ನಾವು ದಾವಣಗೆರೆ ವಿನೋಬನಗರದವರು. ನಮ್ಮ ಬೀಗರು ಹರಿಹರದವರು. ಬಸ್ಸಿನಲ್ಲಿ ಕೂತು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಹರಿಹರ ಬಂದೇಬಿಡುತ್ತದೆ. ಆದರೂ ಬೀಗರ ಊರು ಬೀಗರ ಊರೇ ಅಲ್ಲವೇ? ಇಳಿಯುವ ಮುಂಚೆ ಮುಖ ಒರೆಸಿಕೊಳ್ಳಬೇಕು, ಮಾತು ಅಳೆದು ಆಡಬೇಕು, ಎರಡನೇ ಸಲ ಹೋಳಿಗೆ ಬಡಿಸಲು ಬಂದರೆ ಬೇಡ ಅನ್ನಬೇಕು, ಮೂರನೇ ಸಲ ಬಂದರೆ ಹಾಕಿಸಿಕೊಳ್ಳಬೇಕು.

ಬೀಗಿತ್ತಿ ಗೌರಮ್ಮ ನನ್ನ ಸೊಸೆ ಶೈಲಾಳ ತಾಯಿ. ನಮ್ಮಿಬ್ಬರಿಗೂ ಇರುವುದು ಒಬ್ಬಳೇ ಮೊಮ್ಮಗಳು, ಸಿರಿ. ಮೂರನೇ ಕ್ಲಾಸು. (ಅವಳ ವಿಷಯ ಶುರು ಮಾಡಿದರೆ ಈ ಕಾಲಂ ಸಾಲುವುದಿಲ್ಲ ಅಂತ ನಿಮಗೆ ಗೊತ್ತು. ಹಾಡು, ಓಟ, ಲೆಕ್ಕ, ಬಾಯಿ, ಎಲ್ಲದರಲ್ಲೂ ಫಸ್ಟು. ಬಾಯಿಯಲ್ಲಿ ಮಾತ್ರ ಈ ಅಜ್ಜಿಯನ್ನು ಹೋತಿದ್ದಾಳೆ. ಸಾಕು, ನಿಲ್ಲಿಸಿದೆ.) ಒಬ್ಬಳೇ ಮೊಮ್ಮಗಳಿಗೆ ಇಬ್ಬರು ಅಜ್ಜಿಯರು ಇದ್ದರೆ ಏನಾಗುತ್ತದೆ? ನಾನು ಜಡೆಗೆ ಕ್ಲಿಪ್ಪು ತಂದರೆ ಗೌರಮ್ಮ ಲಂಗ ತರುತ್ತಾರೆ. ನಾನು ಸೈಕಲ್ ಕೊಡಿಸಿದೆ. ಗೌರಮ್ಮ ಸುಮ್ಮನೆ ಇರುತ್ತಾರಾ? ಅವರ ಮನೆಯ ನಾಯಿ ರಾಣಿ ಮರಿ ಹಾಕಿತ್ತು.

ಮರಿಗಳನ್ನು ಸಿರಿ ವಿಡಿಯೋ ಕಾಲ್‌ನಲ್ಲಿ ದಿನಾ ನೋಡುತ್ತಿದ್ದಳು. ಒಂದು ಬೆಳ್ಳಗೆ ಉಬ್ಬಿಕೊಂಡು, ಎತ್ತಿದರೆ ತೂಕವೇ ಇಲ್ಲದಂತೆ. ಅವಳೇ ಹೆಸರಿಟ್ಟಳು, ಮಂಡಕ್ಕಿ. ದಾವಣಗೆರೆಯ ಹುಡುಗಿ ಇನ್ನೇನು ಹೆಸರಿಟ್ಟಾಳು?

ಭಾನುವಾರ ಹೋದೆವು. ಊಟ ಆಯಿತು. ಹೊರಡುವಾಗ ಗೌರಮ್ಮ ಮಣೆ ಹಾಕಿ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಕುಂಕುಮ ಹಚ್ಚಿದರು. ಸೆರಗು ಒಡ್ಡಿದೆ. ಅಕ್ಕಿ ಬಿತ್ತು, ಬೆಲ್ಲ ಬಿತ್ತು, ಆಮೇಲೆ ಮೆತ್ತಗೆ ಬೆಚ್ಚಗೆ ಏನೋ ಬಿತ್ತು.

“ಬರಿ ಕೈಯಾಗೆ ಹೆಂಗ ಕಳಸ್ಲಿ ಅಕ್ಕಾರೆ? ನಮ್ಮನಿ ಲಕ್ಷ್ಮಿ ಇದು. ಉಡ್ಯಾಗೇ ಹಾಕ್ಕೊಂಡು ಹೋಗ್ರಿ” ಅಂದರು ಗೌರಮ್ಮ.

“ಅಯ್ಯ, ಈ ವಯಸ್ನಾಗೆ ನನ್ ಉಡಿ ತುಂಬಿ ಏನ್ ಮಾಡೀರಿ ಬೀಗ್ತೆರೆ!” ಅಂದೆ. ನಮ್ಮ ಯಜಮಾನರು ಗೋಡೆ ಕಡೆ ತಿರುಗಿ ನಕ್ಕರು. ಮಂಡಕ್ಕಿ ಅಕ್ಕಿಯ ಮೇಲೆ ಕೂತು ಕೊಬ್ಬರಿ ಬಟ್ಟಲು ನೆಕ್ಕಿತು.

ಗೌರಮ್ಮ ಒಂದು ಹಳೆಯ ಸೀರೆ ತುಂಡನ್ನೂ ಸುತ್ತಿ ಕೊಟ್ಟರು. ರಾಣಿ ಮರಿಗಳ ಜೊತೆ ಮಲಗುತ್ತಿದ್ದ ಬಟ್ಟೆ. “ತಾಯಿ ವಾಸ್ನೆ ಇದ್ರೆ ರಾತ್ರಿ ಅಳಂಗಿಲ್ಲ” ಅಂದರು. ಎಷ್ಟು ಬುದ್ಧಿವಂತಿಕೆ ಅನ್ನಿಸಿತು ನನಗೆ.

ಸಿರಿ ಮಾತ್ರ ಹಿತ್ತಲಿಗೆ ಹೋಗಿ ಬಂದು ಕೇಳಿದಳು. “ಅಮ್ಮಮ್ಮ, ಫೋನಲ್ಲಿ ನಾಲ್ಕು ಮರಿ ಇದ್ವು. ಇಲ್ಲಿ ಎರಡೇ ಇದಾವೆ. ಮಂಡಕ್ಕಿ ಸೇರಿದ್ರೂ ಮೂರೇ ಆಯ್ತು.”

“ಒಂದನ್ನ ಯಾರೋ ಒಯ್ದ್ರವ್ವ” ಅಂದರು ಗೌರಮ್ಮ. ಅಂದವರೇ ಕುಂಕುಮದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಸಿರಿ ಲೆಕ್ಕದಲ್ಲಿ ಫಸ್ಟು ಅಂತ ಹೇಳಿದೆನಲ್ಲ? ನಾನು ಆ ಲೆಕ್ಕದ ಕಡೆ ಗಮನ ಕೊಡಲಿಲ್ಲ. ನನ್ನ ಗಮನವೆಲ್ಲ ನನ್ನ ಉಡಿಯಲ್ಲಿತ್ತು.

ಮನೆಗೆ ಬಂದ ಮೇಲೆ ನಮ್ಮ ಓಣಿಯಲ್ಲಿ ಮೆರವಣಿಗೆ. ಹೊಸ ಸೊಸೆ ಬಂದರೆ ಹೇಗೆ ಮನೆ ಮನೆಗೆ ಕರೆದುಕೊಂಡು ಹೋಗುತ್ತೇವೋ ಹಾಗೆ. ಇಸ್ತ್ರಿ ಅಂಗಡಿಯವರ ಮನೆ, ಹಿಟ್ಟಿನ ಗಿರಣಿಯವರ ಮನೆ, ಮೂಲೆಮನೆ. ಎಲ್ಲ ಕಡೆ ಇಳಿಸಿ ಆಡಿಸಿದೆ. ಎಲ್ಲರೂ ಮುದ್ದು ಮಾಡಿದರು. “ಸೂಜಿ ಹಾಕಿಸಿದ್ರಾ?” ಅಂತ ಕೇಳಿದವರು ಮೂಲೆಮನೆಯ ಟೀಚರಮ್ಮ ಒಬ್ಬರೇ.

“ಅಮಾವಾಸ್ಯೆ ಎದುರಿಗೈತಲ್ರಿ, ಮುಗೀಲಿ” ಅಂದೆ.

ನಾವು ಎಲ್ಲವನ್ನೂ ಅಮಾವಾಸ್ಯೆಯ ಆಚೆಗೆ ಇಡುವವರು. ಗಾಡಿ ತರುವುದು, ಗೋಡೆಗೆ ಬಣ್ಣ, ಹಲ್ಲು ಕೀಳಿಸುವುದು. ರೋಗವೂ ಹಾಗೇ ಪಂಚಾಂಗ ನೋಡಿ ಬರುತ್ತದೆ ಅಂದುಕೊಂಡಿದ್ದೆವೇನೋ!

ಮಂಡಕ್ಕಿಗೆ ಮಂಡಕ್ಕಿ ಡಬ್ಬಿಯ ಸದ್ದು ಅಂದರೆ ಪ್ರಾಣ. ತಿನ್ನಲು ಕೊಡುತ್ತಿರಲಿಲ್ಲ, ಆ ಡಬ್ಬಿ ಅಲ್ಲಾಡಿಸಿದರೆ ಸಾಕು, ಎಲ್ಲಿದ್ದರೂ ಉರುಳಿಕೊಂಡು ಬಂದು ನನ್ನ ಕಾಲಿಗೆ ಡಿಕ್ಕಿ ಹೊಡೆಯುತ್ತಿತ್ತು.

ವಾರದ ನಡುವೆ ಒಂದು ಬೆಳಗ್ಗೆ ಡಬ್ಬಿ ಅಲ್ಲಾಡಿಸಿದೆ. ಬರಲಿಲ್ಲ.

ಮತ್ತೆ ಅಲ್ಲಾಡಿಸಿದೆ. ಇಲ್ಲ.

ವಾಷಿಂಗ್ ಮಷೀನ್ ಹಿಂದೆ ಮುದುರಿಕೊಂಡು ಮಲಗಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡಿತು, ಬಾಲ ಆಡಿಸಲಿಲ್ಲ. ಎತ್ತಿಕೊಂಡೆ. ನನ್ನ ಕೈ ಮೇಲೆಯೇ ಬಿಳಿ ನೊರೆ ಕಾರಿತು.

ನನಗೆ ಮೊದಲು ಹೊಳೆದದ್ದೇನು ಹೇಳಿ? ದೃಷ್ಟಿ! ಅಷ್ಟು ಮನೆ ತಿರುಗಿಸಿದ್ದೆನಲ್ಲ? ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದೆ. ಘಾಟು ಬರಲಿಲ್ಲ. ನೋಡಿದಿರಾ, ದೃಷ್ಟಿಯೇ ಅಂತ ಖಾತ್ರಿ ಮಾಡಿಕೊಂಡೆ. ಆಮೇಲೆ ಅಜವಾನದ ನೀರು ಬಾಯಿಗೆ ಬಿಟ್ಟೆ. ಅದನ್ನೂ ಕಾರಿತು. ಮಜ್ಜಿಗೆ ಬಿಟ್ಟೆ. ಅದನ್ನೂ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನನ್ನ ಔಷಧಿ ಶಾಸ್ತ್ರ ಅಡುಗೆಮನೆಯ ಮೇಲಿನ ಗೂಡಿನಲ್ಲೇ ಮುಗಿಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಹಿಂದಿನಿಂದ ಶುರುವಾಯಿತು. ಬರೆಯಲು ಸಂಕಟವಾಗುತ್ತದೆ, ಆದರೆ ಬರೆಯಲೇಬೇಕು, ಏಕೆಂದರೆ ನಿಮ್ಮ ಮನೆಯಲ್ಲಿ ಕಂಡರೆ ಗುರುತು ಸಿಗಬೇಕು. ನೀರಿನಂತೆ ಭೇದಿ. ಅದರಲ್ಲಿ ರಕ್ತ. ಮತ್ತೆ ಆ ವಾಸನೆ. ನಾನು ಮಕ್ಕಳನ್ನು ಸಾಕಿದವಳು, ದನ ಸಾಕಿದವಳು, ಹೇಸುವವಳಲ್ಲ. ಆದರೂ ಆ ವಾಸನೆಗೆ ಒಂದು ಹೆಜ್ಜೆ ಹಿಂದೆ ಸರಿದೆ. ಜೀವ ಒಳಗಿನಿಂದಲೇ ಕೊಳೆಯುತ್ತಿರುವಂಥ ವಾಸನೆ ಅದು.

ಶೈಲಾ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು. ಪಕ್ಕದಲ್ಲಿ ನಾನು. ಮಗ ಇಲ್ಲೇ ಊರಾಚೆಯ ಕರೂರು ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದ. ಕೆ.ಬಿ. ಬಡಾವಣೆಯಲ್ಲಿ ಒಬ್ಬರು ಪ್ರಾಣಿಗಳ ಡಾಕ್ಟರಮ್ಮ ಇದ್ದಾರೆ ಅಂತ ಟೀಚರಮ್ಮನೇ ಹೇಳಿದ್ದು. ಆಟೋ ಪ್ರತಿ ಹಂಪಿನಲ್ಲಿ ಹಾರಿದಾಗಲೂ ನಾನು ಬಗ್ಗಿ ನೋಡುತ್ತಿದ್ದೆ. ಹೊಟ್ಟೆ ಏರಿಳಿಯುತ್ತಿದೆಯಾ? ಇದೆ. ಮತ್ತೆ ನೋಡುತ್ತಿದ್ದೆ. ಇದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಒಸಡು ಒತ್ತಿ ನೋಡಿದರು, ಕುತ್ತಿಗೆಯ ಚರ್ಮ ಎಳೆದು ಬಿಟ್ಟರು. ಎಳೆದ ಚರ್ಮ ಎಳೆದಂತೆಯೇ ನಿಂತಿತು. ನೀರು ಬತ್ತಿದೆ ಅಂದರು. ಹಿಂದಿನಿಂದ ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ತೆಗೆದು ಒಂದು ಪಟ್ಟಿಗೆ ಹನಿ ಹಾಕಿದರು. ಕೊರೋನಾ ಟೆಸ್ಟ್ ಮಾಡುತ್ತಿದ್ದರಲ್ಲ, ಹಾಗೇ. ಎರಡು ಗೆರೆ ಬಂತು.

“ಪಾರ್ವೋ” ಅಂದರು.

ಆ ಹೆಸರು ನಾನು ಅವತ್ತೇ ಮೊದಲು ಕೇಳಿದ್ದು.

“ಅದಕ್ಕೆ ಸೂಜಿ ಹಾಕ್ರವ್ವ, ಎಂಥಾ ಸೂಜಿ ಆದ್ರೂ ಹಾಕ್ರಿ” ಅಂದೆ.

“ಈ ವೈರಸ್ಸನ್ನ ಕೊಲ್ಲೋ ಔಷಧಿ ನಮ್ಮ ಹತ್ರ ಇಲ್ಲಮ್ಮ. ಅದರ ಮೈಯೇ ಹೋರಾಡಬೇಕು. ಅಲ್ಲಿವರೆಗೂ ಅದು ಒಣಗಿ ಹೋಗದಂಗೆ ನಾವು ನೋಡ್ಕೋಬೇಕು. ಡ್ರಿಪ್ ಹಾಕ್ತೀವಿ, ವಾಂತಿ ನಿಲ್ಲೋಕೆ ಕೊಡ್ತೀವಿ, ಕರುಳು ಬೆಂದಿರುತ್ತೆ, ಬೇರೆ ಸೋಂಕು ಸೇರಬಾರದು ಅಂತ ಆಂಟಿಬಯಾಟಿಕ್ ಕೊಡ್ತೀವಿ. ಮನೇಲಿ ಏನಾದ್ರೂ ಬಾಯಿಗೆ ಹಾಕಿದ್ರಾ?”

ಅಜವಾನ, ಮಜ್ಜಿಗೆ ಎಂದೆ.

“ವಾಂತಿ ಮಾಡೋ ಮರಿ ಬಾಯಿಗೆ ಬಲವಂತವಾಗಿ ಏನೂ ಹಾಕಬಾರದಮ್ಮ. ಶ್ವಾಸಕ್ಕೆ ಹೋಗುತ್ತೆ. ಮನುಷ್ಯರ ಮಾತ್ರೆಯಂತೂ ಬೇಡವೇ ಬೇಡ. ಸೀದಾ ಕರ್ಕೊಂಡು ಬರಬೇಕು.”

“ಬದುಕ್ತೈತಾ?”

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. “ಎರಡು ಮೂರು ದಿನ ದಾಟಲಿ” ಅಂದರು.

ನನ್ನ ಕಿರುಬೆರಳಿನಷ್ಟೂ ಇಲ್ಲದ ಕಾಲು. ಅದರ ಕೂದಲು ತೆಗೆದು ಸೂಜಿ ಚುಚ್ಚಿದರು. ಮಂಡಕ್ಕಿ ಕುಂಯ್ ಅನ್ನಲೂ ಇಲ್ಲ. ನನ್ನನ್ನು ಹೆದರಿಸಿದ್ದು ಅದೇ. ಅಳುವ ಮಗುವನ್ನು ಸಮಾಧಾನ ಮಾಡಬಹುದು. ಅಳದ ಮಗುವಿಗೆ ಏನು ಮಾಡುವುದು?

ಆಗ ಡಾಕ್ಟರಮ್ಮ ಕೇಳಿದರು. “ಎಲ್ಲಿಂದ ತಂದ್ರಿ ಇದನ್ನ?”

“ಹರಿಹರದಿಂದ. ನಮ್ಮ ಬೀಗರ ಮನೆಯಿಂದ. ಮೊನ್ನೆ ಭಾನುವಾರ.”

“ತಂದು ಇನ್ನೂ ವಾರ ಆಗಿಲ್ಲ. ಅಲ್ಲಿಂದಲೇ ಬಂದಿರೋ ಸಾಧ್ಯತೆ ಜಾಸ್ತಿ. ಅಲ್ಲಿ ಬೇರೆ ಮರಿ ಇದಾವಾ? ಇವತ್ತೇ ಫೋನ್ ಮಾಡಿ ಹೇಳಿ. ಇವತ್ತೇ.”

ನಾನು ಶೈಲಾಳ ಮುಖ ನೋಡಿದೆ. ಶೈಲಾ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಅವಳ ಮೊಬೈಲ್ ರಿಂಗ್ ಆಯಿತು. ಯಾರು? ಗೌರಮ್ಮ! ದಿನಾ ಆ ಹೊತ್ತಿಗೆ ಮಾಡುತ್ತಾರೆ. ಶೈಲಾ ಕೆಂಡ ಕೊಟ್ಟ ಹಾಗೆ ಮೊಬೈಲನ್ನು ನನ್ನ ಕೈಗೆ ಕೊಟ್ಟಳು.

“ಹೆಂಗೈತ್ರಿ ಅಕ್ಕಾರೆ ನಮ್ಮ ಲಕ್ಷ್ಮಿ?”

ನನ್ನ ಎದುರಿಗೆ ಆ ಲಕ್ಷ್ಮಿ ಕಬ್ಬಿಣದ ಮೇಜಿನ ಮೇಲೆ ಡ್ರಿಪ್ ಏರಿಸಿಕೊಂಡು ಮಲಗಿತ್ತು. ನಾನು ಏನಂದೆ ಗೊತ್ತೇ?

“ಚಲೋ ಐತ್ರಿ. ಆಡ್ತೈತೆ.”

ಬೀಗರು ಉಡಿಯಲ್ಲಿ ಹಾಕಿ ಕೊಟ್ಟದ್ದನ್ನು ಕೆಟ್ಟದ್ದು ಅನ್ನಲು ಬಾಯಿ ಬರುತ್ತದೆಯೇ? ಕೊಟ್ಟ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೂ ‘ಬಾಳ ಚಲೋ ಐತ್ರಿ’ ಅನ್ನುತ್ತೇವೆ. ಕೊಟ್ಟ ಉಂಡೆ ಕಲ್ಲಾಗಿದ್ದರೂ ಹಲ್ಲು ಹಿಡಿದುಕೊಂಡು ತಿನ್ನುತ್ತೇವೆ. ನಲವತ್ತು ವರ್ಷದಿಂದ ಹೀಗೇ ಬಾಳಿದ್ದೇನೆ. ನಾಲಿಗೆ ತಾನಾಗಿಯೇ ಆ ಕಡೆ ಹೊರಳಿಬಿಟ್ಟಿತು.

“ನೀನಾದ್ರೂ ಹೇಳಬಾರ್ದೇನೇ? ನಿನ್ನ ತಾಯಿ” ಅಂದೆ ಸೊಸೆಗೆ.

“ನೀವು ಹೇಳಿದ್ರೆ ಅವ್ವ ಮನಸಿಗೆ ಹಚ್ಕೋತಾಳೆ. ನಾನು ಹೇಳಿದ್ರೆ ‘ನಿಮ್ಮತ್ತೆ ಹೇಳಿಸ್ಯಾಳೆ’ ಅಂತಾಳೆ. ಹೆಂಗ ಹೇಳಲಿ ಹೇಳ್ರಿ ಅತ್ತೀ?”

ಸುಳ್ಳೇ? ನೂರಕ್ಕೆ ನೂರು ನಿಜ.

ಸಂಜೆ ಮರಿಯನ್ನು ಅಲ್ಲೇ ಬಿಟ್ಟು ಬಂದೆವು. ಮನೆಗೆ ಬಂದವಳೇ ಫಿನಾಯಿಲ್ ಬಾಟಲಿ ಬಗ್ಗಿಸಿ ಮನೆಯನ್ನೆಲ್ಲ ತೊಳೆದೆ. ವಾಸನೆಗೆ ಯಜಮಾನರು ಹೊರಗೆ ಓಡಿದರು. ನನಗೆ ಅಷ್ಟು ಧೈರ್ಯ ಬಂತು.

ಸಿರಿ ಬಾಗಿಲಲ್ಲೇ ಕೂತಿದ್ದಳು. ಮಡಿಲಲ್ಲಿ ಮಂಡಕ್ಕಿ ಡಬ್ಬಿ. ಅಲ್ಲಾಡಿಸುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು.

“ಅಜ್ಜಿ, ಅಲ್ಲಿರೋ ಮರಿಗಳಿಗೂ ಬರುತ್ತಾ?”

“ಇಲ್ಲ ಬಿಡವ್ವ.”

“ಮತ್ತೆ ನಾಲ್ಕನೇದು ಎಲ್ಲಿಗೆ ಹೋಯ್ತು?”

ನನ್ನ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಗೌರಮ್ಮ ಕುಂಕುಮದ ಬಟ್ಟಲು ಎತ್ತಿಕೊಂಡು ಒಳಗೆ ಹೋದದ್ದು ಕಣ್ಣ ಮುಂದೆ ಬಂತು. ಯಾರೋ ಒಯ್ದರು ಅಂದರಲ್ಲ, ಯಾರು ಅಂತ ಹೇಳಲಿಲ್ಲವಲ್ಲ! ಹರಿಹರದಲ್ಲಿ ಒಂದು ಕರಿಬೇವಿನ ಸಸಿ ಯಾರಿಗಾದರೂ ಕೊಟ್ಟರೂ ಅವರ ಕುಲ ಗೋತ್ರ ಸಮೇತ ಹೇಳುವ ಗೌರಮ್ಮ!

ಫೋನ್ ಎತ್ತಿಕೊಂಡೆ. ಇಟ್ಟೆ. ಹೊತ್ತು ಮುಳುಗಿದ ಮೇಲೆ ಇಂಥಾ ಮಾತು ಬೇಡ ಅಂತ ನನಗೆ ನಾನೇ ಹೇಳಿಕೊಂಡೆ. ನೋಡಿ, ಭಯಕ್ಕೂ ಒಂದು ಶಾಸ್ತ್ರ ಸಿಕ್ಕಿಬಿಡುತ್ತದೆ.

ಮಾರನೇ ದಿನ ಕ್ಲಿನಿಕ್ಕಿಗೆ ಹೋದರೆ ಮಂಡಕ್ಕಿ ಇನ್ನೂ ಚಿಕ್ಕದಾಗಿತ್ತು. ಎತ್ತಿದೆ. ಅಯ್ಯೋ, ತಮಾಷೆಗೆ ಇಟ್ಟ ಹೆಸರು ನಿಜವಾಗಿಬಿಟ್ಟಿತ್ತು. ಕೈಯಲ್ಲಿ ತೂಕವೇ ಇಲ್ಲ. ಊದಿದರೆ ಹಾರಿಹೋಗುತ್ತದೇನೋ ಅಂತ ಉಸಿರು ಬಿಗಿಹಿಡಿದೆ.

“ಫೋನ್ ಮಾಡಿದ್ರಾ?” ಡಾಕ್ಟರಮ್ಮ ಕೇಳಿದರು.

ನಾನು ಮಂಡಕ್ಕಿಯ ಕಿವಿ ಸವರತೊಡಗಿದೆ.

“ಅಮ್ಮಾ, ಅಲ್ಲೂ ಇಷ್ಟೇ ಪುಟ್ಟ ಮರಿಗಳಿದಾವೆ” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ನಾನೇ ಫೋನ್ ಮಾಡಿದೆ. “ಬೀಗ್ತೆರೆ, ತಪ್ಪು ತಿಳಕೋಬ್ಯಾಡ್ರಿ. ಮಂಡಕ್ಕಿಗೆ ಜೋರು ರೋಗ ಬಂದೈತೆ. ನಿನ್ನೆ ನಾ ಸುಳ್ಳು ಹೇಳ್ದೆ. ಅದರ ಹೆಸರು ಪಾರ್ವೋ ಅಂತೆ. ಡಾಕ್ಟ್ರು ನಿಮ್ಮನಿ ಮರಿಗೂ...”

ಆ ಕಡೆಯಿಂದ ಮೂಗು ಸೆಳೆದ ಸದ್ದು ಬಂತು.

“ಅಕ್ಕಾರೆ, ಅದನ್ನ ಯಾರೂ ಒಯ್ಲಿಲ್ರಿ. ನೀವು ಬರೋ ಮುಂಚೆ ಸತ್ತು ಹೋತು. ಹಿಂಗೇ ಕಾರಿಕೊಂಡು, ರಕ್ತ ಹೋಗಿ. ಬಿಸ್ಲಿಗೆ ಅಂದ್ಕಂಡೆ. ಉಡಿ ತುಂಬೋ ಹೊತ್ನಾಗೆ ಸಾವಿನ ಮಾತು ಹೆಂಗ ತೆಗೀಲಿ ಹೇಳ್ರಿ?”

ನಾನಾಗಿದ್ದರೂ ತೆಗೆಯುತ್ತಿರಲಿಲ್ಲ. ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ‘ಇದರ ಒಡಹುಟ್ಟಿದ್ದು ಸತ್ತಿದೆ ನೋಡಿ’ ಅನ್ನುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

“ಉಳಿದವು ಹೆಂಗದಾವ್ರಿ?”

“ಒಂದು ಮುಂಜಾನಿಂದ ಏಳ್ತಿಲ್ಲ. ಹಾಲು ಮುಟ್ಟಿಲ್ಲ.” ಅಂದರು ಗೌರಮ್ಮ. “ಇನ್ನೊಂದು ಚಲೋ ಐತೆ. ಇವತ್ತು ಸಂಜಿಕೆ ನಮ್ಮ ತಂಗಿ ಬಂದು ಒಯ್ತಾಳೆ. ಅವರ ಮನ್ಯಾಗೂ ಒಂದು ಸಣ್ಣ ಮರಿ ಐತೆ, ಜೊತಿ ಆಗ್ತೈತೆ ಅಂತ...”

“ಕಳಸ್ಬ್ಯಾಡ್ರಿ!” ಅಂತ ಕೂಗಿದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. “ಯಾರ ಮನಿಗೂ ಕಳಸ್ಬ್ಯಾಡ್ರಿ! ಎರಡನ್ನೂ ಬ್ಯಾರೆ ಬ್ಯಾರೆ ಎತ್ಕೊಂಡು ಈಗಿಂದೀಗ ಆಸ್ಪತ್ರಿಗೆ ಹೋಗ್ರಿ. ಅಮಾವಾಸಿ ಗಿಮಾವಾಸಿ ನೋಡ್ಬ್ಯಾಡ್ರಿ!”

ಬೀಗಿತ್ತಿಯ ಮೇಲೆ ನಾನು ಧ್ವನಿ ಏರಿಸಿದ್ದು ಅದೇ ಮೊದಲು. ಗೌರಮ್ಮ ‘ಹೂಂ’ ಅಂದರು. ಮರು ಮಾತಾಡದೆ ‘ಹೂಂ’ ಅಂದದ್ದೂ ಅದೇ ಮೊದಲು.

ಎರಡು ಮನೆ, ಎರಡು ಸುಳ್ಳು. ಇಬ್ಬರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಇದ್ದದ್ದು ಬರೀ ಮರ್ಯಾದೆ. ಅದರ ಸಂದಿಯಲ್ಲೇ ರೋಗ ಬಸ್ಸು ಹತ್ತಿ ಹರಿಹರದಿಂದ ದಾವಣಗೆರೆಗೆ ಬಂದುಬಿಟ್ಟಿತ್ತು, ನನ್ನದೇ ಉಡಿಯಲ್ಲಿ ಕೂತು.

ಅಲ್ಲಿಂದ ಮುಂದೆ ಫೋನ್ ರಿಂಗ್ ಆದರೆ ನಾನು ಮೊದಲು ದೇವರ ಗೂಡಿನ ಕಡೆ ನೋಡುತ್ತಿದ್ದೆ. ಕ್ಲಿನಿಕ್ಕಿನದೋ? ಹರಿಹರದ್ದೋ? ಯಾವುದಾದರೂ ಎತ್ತಲು ಭಯ. ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಕೈ ನಿಂತುಬಿಡುತ್ತಿತ್ತು. ಸಿರಿ ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಅವಳು ಬ್ಯಾಗ್ ಇಳಿಸದೆ ನನ್ನ ಮುಖ ನೋಡುತ್ತಿದ್ದಳು. ಬಾಯಿಬಡುಕಿ ಹುಡುಗಿ ಒಂದು ಮಾತೂ ಕೇಳುತ್ತಿರಲಿಲ್ಲ. ಮುಖ ನೋಡಿ, ‘ಇನ್ನೂ ಇದೆ’ ಅಂತ ತಿಳಿದುಕೊಂಡು, ಆಮೇಲೆ ಶೂ ಬಿಚ್ಚುತ್ತಿದ್ದಳು.

ಹರಿಹರದಿಂದ ಫೋನ್ ಬಂತು. ಏಳದೆ ಮಲಗಿದ್ದ ಮರಿ ಹೋಯಿತು. ಆಸ್ಪತ್ರೆಯಲ್ಲಿ ಎಷ್ಟು ಮಾಡಬೇಕೋ ಅಷ್ಟೂ ಮಾಡಿದರಂತೆ, ತಡವಾಗಿತ್ತಂತೆ. ಚೆನ್ನಾಗಿದ್ದ ಇನ್ನೊಂದನ್ನು ಬೇರೆ ಕೋಣೆಯಲ್ಲಿ ಇಟ್ಟು ಕಾಯುತ್ತಿದ್ದರು.

ತಡ. ಆ ಮಾತು ನನ್ನ ಎದೆಯಲ್ಲಿ ಕೂತಿದೆ. ಸಂಜೆ ಫೋನ್ ಎತ್ತಿ ಇಟ್ಟೆನಲ್ಲ? ಎತ್ತಿದವಳು ಮಾತಾಡಿದ್ದರೆ? ನನಗೆ ಗೊತ್ತಿಲ್ಲ. ಡಾಕ್ಟರಮ್ಮನನ್ನು ಕೇಳಲು ಧೈರ್ಯವೂ ಇಲ್ಲ.

ಸಿರಿಗೆ ಏನು ಹೇಳುವುದು? ಯಾರೋ ಒಯ್ದರು ಅಂತ ಇನ್ನೊಂದು ಸಲ ಹೇಳುವುದೇ? ಬೇಡ ಅನ್ನಿಸಿತು. ಸತ್ತು ಹೋಯಿತು ಅಂತಲೇ ಹೇಳಿದೆ. ಅತ್ತಳು. ಅತ್ತು ಮುಗಿಸಿ, “ಅಮ್ಮಮ್ಮನೂ ಅಳ್ತಿರಬೇಕು ಅಲ್ವಾ? ಫೋನ್ ಮಾಡಿ ಕೊಡು” ಅಂದಳು. ಹೇಳಿ, ಈ ಹುಡುಗಿಯನ್ನು ಹೊಗಳಬೇಡ ಅಂದರೆ ನಾನು ಹೇಗೆ ಇರಲಿ?

ಮತ್ತೆ ಕ್ಲಿನಿಕ್ಕಿಗೆ ಹೋದ ದಿನ ಸಿರಿಯೂ ಬಂದಿದ್ದಳು. ಒಳಗೆ ಬಿಡುವುದಿಲ್ಲ, ಗಾಜಿನ ಕಿಟಕಿಯ ಆಚೆಯಿಂದ ನೋಡಬೇಕು. ವಾಂತಿ ನಿಂತಿದೆ, ಆದರೆ ಇನ್ನೂ ಕಣ್ಣು ಬಿಟ್ಟು ನೋಡುತ್ತಿಲ್ಲ ಅಂದರು. ಹುಡುಗಿ ಬ್ಯಾಗಿನಿಂದ ಏನು ತೆಗೆದಳು? ಮಂಡಕ್ಕಿ ಡಬ್ಬಿ! ಯಾವಾಗ ತುರುಕಿಕೊಂಡು ಬಂದಿದ್ದಳೋ. ಗಾಜಿಗೆ ಮುಖ ಒತ್ತಿ ಅಲ್ಲಾಡಿಸಿದಳು.

ಏನೂ ಇಲ್ಲ.

ಮತ್ತೆ ಅಲ್ಲಾಡಿಸಿದಳು.

ಒಂದು ಕಿವಿ ಎದ್ದಿತು. ಬರೀ ಒಂದು ಕಿವಿ. ಆಮೇಲೆ ಬಾಲದ ತುದಿ.

ನಾನು ಗಾಜಿನ ಮುಂದೆಯೇ ನೆಲಕ್ಕೆ ಕೂತುಬಿಟ್ಟೆ. ನಕ್ಕೆನೋ ಅತ್ತೆನೋ ಶೈಲಾ ಹೇಳಬೇಕು. ಕಾಯುತ್ತಿದ್ದ ಯಾರದೋ ಬೆಕ್ಕು ಹೆದರಿ ಬುಟ್ಟಿಯಿಂದ ಹಾರಿತು ಅನ್ನುವುದಷ್ಟೇ ನೆನಪು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು. ಖುಷಿಯಲ್ಲಿ ಕುಣಿಯುತ್ತಿದ್ದವಳಿಗೆ ಮತ್ತೆ ಹೆದರಿಕೆ ಹುಟ್ಟಿಸಿದರು. ಮರಿ ಗೆದ್ದಿದೆ, ಆದರೆ ಇನ್ನೂ ಕೆಲವು ವಾರ ಅದರ ಮಲದಲ್ಲಿ ವೈರಸ್ ಹೋಗುತ್ತಿರಬಹುದು. ಬೇರೆ ನಾಯಿಗಳ ಹತ್ತಿರ ಬಿಡಬಾರದು. ಮೆತ್ತಗಿನ ಊಟ, ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ. ಮತ್ತೆ ಮನೆ?

“ಮನಿ ಬಗ್ಗೆ ನೀವು ಚಿಂತಿ ಮಾಡ್ಬ್ಯಾಡ್ರಿ. ಫಿನಾಯಿಲ್‌ನಾಗೆ ಅದ್ದಿ ತೆಗ್ದೀನಿ” ಅಂದೆ ಹೆಮ್ಮೆಯಿಂದ.

“ಫಿನಾಯಿಲ್‌ಗೆ ಈ ವೈರಸ್ ಬಗ್ಗೋದಿಲ್ಲಮ್ಮ.”

ನನ್ನ ಮುಖ ಹೇಗಾಗಿರಬೇಕು ಹೇಳಿ! ನೆಲದಲ್ಲಿ, ಬಟ್ಟಲಲ್ಲಿ, ಚಪ್ಪಲಿಯ ಅಡಿಯಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾದು ಕೂರುತ್ತದಂತೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ. ಆದರೆ ಮನುಷ್ಯರ ಕಾಲಿಗೆ, ಕೈಗೆ, ಬಟ್ಟೆಗೆ ಅಂಟಿಕೊಂಡು ಮುಂದಿನ ಮರಿಯನ್ನು ಹುಡುಕಿಕೊಂಡು ಹೋಗುತ್ತದೆ. ಮೊದಲು ಗಲೀಜು ಪೂರ್ತಿ ತೊಳೆದು, ಆಮೇಲೆ ಬ್ಲೀಚಿನ ನೀರು ಹಾಕಿ, ಹತ್ತು ನಿಮಿಷ ಹಾಗೇ ಬಿಡಬೇಕು. ಎಷ್ಟಕ್ಕೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ ಕಲಸಿ. ಫಿನಾಯಿಲ್ ಜೊತೆ, ಆಸಿಡ್ ಜೊತೆ ಬೆರೆಸಲೇಬೇಡಿ. (ನಾನು ಬೆರೆಸಲು ಹೊರಟಿದ್ದೆ. ಶೈಲಾ ಬಕೆಟ್ ಕಿತ್ತುಕೊಂಡಳು. ವಿಷದ ಗಾಳಿ ಏಳುತ್ತದಂತೆ.)

“ಅಲ್ಲಿಂದ ಬಟ್ಟೆ ಏನಾದ್ರೂ ತಂದಿದ್ರಾ?” ಅಂತಲೂ ಕೇಳಿದರು. ತಾಯಿ ವಾಸನೆಯ ಸೀರೆ ತುಂಡು! ತೊಳೆದು, ಮಡಚಿ, ಬೀರುವಿನಲ್ಲಿ ಜೋಪಾನ ಮಾಡಿದ್ದೆ. ಬೀಗರು ಕೊಟ್ಟದ್ದಲ್ಲವೇ? ಅವತ್ತು ಹಿತ್ತಲಿನಲ್ಲಿ ಅದನ್ನು ಸುಟ್ಟೆ. ಸುಡುವಾಗ ಕೈ ಮುಗಿದೆ. ಯಾರಿಗೆ ಮುಗಿದೆ ಅಂತ ಕೇಳಬೇಡಿ.

ಸೂಜಿಯ ವಿಷಯ ಕೊನೆಗೆ ಹೇಳಿದರು. ಒಂದೂವರೆ ಎರಡು ತಿಂಗಳಿಗೆ ಶುರು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ನಾಲ್ಕು ತಿಂಗಳು ತುಂಬುವವರೆಗೂ. ಒಂದು ಹಾಕಿಸಿದೆವು, ಆಯಿತು ಅನ್ನುವಂತಿಲ್ಲ. ತಾಯಿ ಹಾಲಿನಿಂದ ಬಂದ ಶಕ್ತಿ ಮೈಯಲ್ಲಿ ಇರುವವರೆಗೆ ಸೂಜಿಯ ಶಕ್ತಿ ಸರಿಯಾಗಿ ಹತ್ತುವುದಿಲ್ಲವಂತೆ. ಆ ಶಕ್ತಿ ಯಾವತ್ತು ಇಳಿಯುತ್ತದೆ ಅಂತ ಹೇಳಲು ಬರುವುದಿಲ್ಲ, ಅದಕ್ಕೇ ಮತ್ತೆ ಮತ್ತೆ. ಆಮೇಲೂ ಡಾಕ್ಟರು ಹೇಳಿದಾಗ ಬೂಸ್ಟರ್. ಎಲ್ಲ ಮುಗಿಯುವವರೆಗೆ ಬೀದಿಗೆ ಇಳಿಸಬಾರದು, ಕಂಡವರ ಅಂಗಳದಲ್ಲಿ ಆಡಿಸಬಾರದು. ಮೆರವಣಿಗೆ? ಕೇಳಲೇಬೇಡಿ.

ನಾನೇ ನಮ್ಮ ಓಣಿಯಲ್ಲಿ ಮನೆ ಮನೆಗೆ ಹೋದೆ. ಈ ಸಲ ಮರಿ ಇಲ್ಲದೆ, ಗೇಟಿನ ಹೊರಗೇ ನಿಂತು. ನಮ್ಮ ಮನೆಗೆ ಈ ರೋಗ ಬಂದಿತ್ತು, ನಿಮ್ಮ ಅಂಗಳದಲ್ಲೂ ಇಳಿಸಿದ್ದೆ, ನಿಮ್ಮ ನಾಯಿಗೆ ಸೂಜಿ ಆಗಿದೆಯಾ ನೋಡಿ ಅಂದೆ. ಹಿಟ್ಟಿನ ಗಿರಣಿಯವರು “ಹೋಗ್ಲಿ ಬಿಡ್ರಿ, ಏನಾಗ್ತೈತೆ” ಅಂದರು. ಇಸ್ತ್ರಿ ಅಂಗಡಿಯಾಕೆ ಮುಖ ಗಂಟು ಹಾಕಿಕೊಂಡು, “ಮೊದ್ಲೇ ಹೇಳಾಕ ಏನಾಗಿತ್ತು ಅಜ್ಜಿ?” ಅಂದಳು. ಅವಳ ಮನೆಯ ಮೆಟ್ಟಿಲ ಕೆಳಗೆ ಬೀದಿ ನಾಯಿಯೊಂದು ಮರಿ ಹಾಕಿದೆ. ಮೊದಲು ಗೊತ್ತಿರಲಿಲ್ಲ ಕಣವ್ವ ಅಂದೆ. ಅಷ್ಟೇ ನನ್ನ ಉತ್ತರ. ಈಗ ನಮ್ಮ ಓಣಿಯಲ್ಲಿ ಯಾವ ಮರಿ ಸ್ವಲ್ಪ ಹೊತ್ತು ಜಾಸ್ತಿ ಮಲಗಿದರೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಮಂಡಕ್ಕಿ ಈಗ ನಾನು ಬರೆಯುವಾಗ ನನ್ನ ಚಪ್ಪಲಿ ಕಚ್ಚುತ್ತಿದೆ. ಕಚ್ಚಲಿ! ಎರಡನ್ನೂ ಕಚ್ಚಲಿ! ಅದು ಒಂದು ಸಲ ಸೀನಿದರೂ ನಾನು ಪೆನ್ನು ಬಿಟ್ಟು ಏಳುತ್ತೇನೆ. ಹರಿಹರದಲ್ಲಿ ಉಳಿದ ಒಂಟಿ ಮರಿಗೆ ರೋಗ ಬರಲಿಲ್ಲ. ದಿನ ಕಳೆದ ಮೇಲೆ ಸೂಜಿಯೂ ಶುರುವಾಗಿದೆ. ಗೌರಮ್ಮನ ತಂಗಿಯ ಮನೆಯ ಮರಿಯೂ ಚೆನ್ನಾಗಿದೆ. ಇಷ್ಟು ಸಂತೋಷವನ್ನು ನಾನು ಎಲ್ಲಿಟ್ಟುಕೊಳ್ಳಲಿ?

ಹೋದ ವಾರ ಗೌರಮ್ಮ ಬಂದರು. ಗೇಟಿನ ಹೊರಗೇ ನಿಂತರು. ಒಳಗೆ ಕಾಲಿಡಲಿಲ್ಲ.

“ಬರ್ರಿ ಬೀಗ್ತೆರೆ, ಯಾಕ ಅಲ್ಲೇ ನಿಂತ್ರಿ?”

“ನನ್ ಕಾಲಾಗೆ ಏನೈತೋ ಯಾರಿಗ್ಗೊತ್ತು ಅಕ್ಕಾರೆ. ಮರಿ ಸತ್ತ ಮನಿ ನೆಲ ತುಳಕೊಂಡು ಬಂದೀನಿ” ಅಂದರು. ಕಣ್ಣು ತುಂಬಿತ್ತು.

ಬೀಗರು ಬಂದರೆ ಮೊದಲು ಕಾಲಿಗೆ ನೀರು ಕೊಡಬೇಕು. ನಮ್ಮಲ್ಲಿ ಅದು ತಪ್ಪಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ನಾನು ಒಂದು ತಂಬಿಗೆಯಲ್ಲಿ ನೀರು ತಂದೆ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಟ್ರೇ. ಟ್ರೇಯಲ್ಲಿ ಬ್ಲೀಚಿನ ನೀರು.

“ಚಪ್ಲಿ ಇದ್ರಾಗೆ ಬಿಡ್ರಿ. ಕಾಲಿಗೆ ಈ ನೀರು ತಗೊಳ್ರಿ.”

ಗೌರಮ್ಮ ಟ್ರೇ ನೋಡಿದರು, ನನ್ನ ಮುಖ ನೋಡಿದರು. “ಏನ್ರಿ ಅಕ್ಕಾರೆ, ಬೀಗರ ಚಪ್ಲಿಗೆ ಔಷಧಿ ನೀರು ಕುಡಿಸ್ತೀರಲ್ಲ!” ಅಂದರು.

“ನೀವು ನನ್ನ ಉಡ್ಯಾಗೆ ನಾಯಿಮರಿ ಹಾಕ್ಲಿಲ್ಲೇನು? ನಿಂದ್ರಿ ಸುಮ್ನೆ, ಹತ್ತು ನಿಮಿಷ ಆಗ್ಬೇಕು.”

ಇಬ್ಬರೂ ಗೇಟಿನಲ್ಲೇ ನಿಂತು ನಕ್ಕೆವು. ನಗುತ್ತಾ ನಗುತ್ತಾ ಗೌರಮ್ಮ ಅತ್ತರು, ಸತ್ತ ಎರಡಕ್ಕಾಗಿ. ನಾನು ತಡೆಯಲಿಲ್ಲ. ಸಾವಿನ ಮಾತು ಬಾಗಿಲಲ್ಲೇ ಆಡಿ ಮುಗಿಸಿದೆವು. ಒಳಗೆ ಸಿರಿ ಡಬ್ಬಿ ಅಲ್ಲಾಡಿಸುತ್ತಿದ್ದಳು.

ನಿಮ್ಮ ಮನೆಗೆ ಬಂದವರ ಕಾಲಿಗೂ ನೀವು ನೀರು ಕೊಡುತ್ತೀರಿ, ಗೊತ್ತು. ಅದರಲ್ಲಿ ಬರೀ ಮರ್ಯಾದೆ ಇದ್ದರೆ ಸಾಕೇನ್ರಿ?